ಹಿಮಗಾಲವನ್ನು ಗೆಲ್ಲುವ ಜೇನುಗೂಡು

ಯುರೋಪಿನ ಉತ್ತರ ಭಾಗ, ಕೆನಡಾ ಮತ್ತು ಅಮೆರಿಕದ ಉತ್ತರ ರಾಜ್ಯಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಜೇನಿಗೆ ಹೂವೇ ಸಿಗುವುದಿಲ್ಲ. ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ರಾತ್ರಿಗಳು ಕೆನಡಾದ ಬಯಲಿನಲ್ಲಿ ಮಾಮೂಲು. ಅಲ್ಲಿನ ಬಹುಪಾಲು ಕೀಟಗಳು ಈ ತಿಂಗಳುಗಳನ್ನು ಮೊಟ್ಟೆಯಾಗಿಯೋ ಮರಿಹುಳುವಾಗಿಯೋ ಕೋಶವಾಗಿಯೋ ಜಡವಾಗಿ ಕಳೆಯುತ್ತವೆ. ಅಲ್ಲಿನ ಕಣಜ ಮತ್ತು ಬಂಬಲ್‌ ಬೀಗಳ ಸಂಸಾರ ಚಳಿ ಬೀಳುತ್ತಿದ್ದಂತೆ ಪೂರ್ತಿ ಸತ್ತುಹೋಗುತ್ತದೆ. ಗಂಡಿನೊಡನೆ ಕೂಡಿದ ಹೊಸ ರಾಣಿಯಷ್ಟೇ ಮಣ್ಣಿನಲ್ಲೋ ತೊಗಟೆಯಡಿಯಲ್ಲೋ ಅಡಗಿ, ವಸಂತದಲ್ಲಿ ಒಂಟಿಯಾಗಿ ಹೊಸ ಸಂಸಾರ ಹೂಡುತ್ತದೆ.

ಯುರೋಪಿನ ಜೇನುನೊಣ ಏಪಿಸ್ ಮೆಲ್ಲಿಫೆರಾದ ದಾರಿ ಬೇರೆ. ರಾಣಿಯೂ ಅದರ ಸುತ್ತ ಹತ್ತಿಪ್ಪತ್ತು ಸಾವಿರ ಕೆಲಸಗಾರ ನೊಣಗಳೂ ಇಡೀ ಚಳಿಗಾಲ ಎಚ್ಚರವಾಗಿದ್ದು, ಮೈಯಲ್ಲೇ ಬಿಸಿ ಹುಟ್ಟಿಸಿಕೊಂಡು ಬದುಕುತ್ತವೆ. ಹೊರಗೆ ಹಿಮ ಸುರಿಯುವಾಗಲೂ ಈ ಗುಂಪಿನ ನಡುಭಾಗ ಮನುಷ್ಯನ ಕೈಗೆ ಬೆಚ್ಚಗೆನಿಸುವಷ್ಟು ಬಿಸಿಯಾಗಿರಬಲ್ಲದು. ಆ ಬಿಸಿಗೆ ಉರುವಲು ಜೇನುತುಪ್ಪ. ಉರುವಲು ಎಷ್ಟು ಕೂಡಿಟ್ಟಿದೆ, ಎಷ್ಟು ಮಿತವಾಗಿ ಖರ್ಚಾಗುತ್ತದೆ ಎಂಬುದರ ಮೇಲೆ ಕುಟುಂಬದ ಅಳಿವು ಉಳಿವು ನಿಂತಿದೆ. ಆದ್ದರಿಂದ ಚಳಿಯ ವಿರುದ್ಧದ ತಯಾರಿಯ ಮುಕ್ಕಾಲು ಪಾಲು ಬೇಸಿಗೆಯಲ್ಲೇ ನಡೆದುಹೋಗಿರುತ್ತದೆ.

ಮನೆಯ ಆಯ್ಕೆ

ಮೊದಲ ತೀರ್ಮಾನ ಆಗುವುದು ಮೇ–ಜೂನ್‌ನಲ್ಲಿ, ಪಾಲಾಗಿ ಹೊರಟ ನೊಣಗಳು ಹೊಸ ಮನೆ ಹುಡುಕುವಾಗ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಮತ್ತು ರೋಜರ್ ಮೋರ್ಸ್ ಅವರು ನ್ಯೂಯಾರ್ಕ್ ರಾಜ್ಯದ ಇಥಾಕಾ ಸುತ್ತಮುತ್ತ ಕಾಡುಜೇನು ಕಟ್ಟಿದ್ದ ಮರಗಳನ್ನು ಉರುಳಿಸಿ, ಪೊಟರೆಗಳನ್ನು ಸೀಳಿ ಅಳತೆ ತೆಗೆದು, ಫಲಿತಾಂಶವನ್ನು 1976ರಲ್ಲಿ ಪ್ರಕಟಿಸಿದರು. ಪೊಟರೆಗಳಲ್ಲಿ ಹೆಚ್ಚಿನವು 40 ಲೀಟರ್ ಆಸುಪಾಸಿನವು. ಬಾಗಿಲು ಬಹಳ ಕಿರಿದು, ಹೆಚ್ಚಾಗಿ ಪೊಟರೆಯ ತಳದ ಕಡೆಗೆ ಇತ್ತು. ಆಮೇಲೆ ಇದೇ ವಿಜ್ಞಾನಿಗಳು ಬೇರೆ ಬೇರೆ ಅಳತೆಯ ಪೆಟ್ಟಿಗೆಗಳನ್ನು ಕಾಡಿನಲ್ಲಿ ತೂಗುಹಾಕಿ ನೊಣಗಳಿಗೇ ಆಯ್ಕೆ ಬಿಟ್ಟರು. 10 ಲೀಟರಿನದೂ 100 ಲೀಟರಿನದೂ ಅವುಗಳಿಗೆ ಹಿಡಿಸಲಿಲ್ಲ, 40 ಲೀಟರಿನದು ಹಿಡಿಸಿತು. ದಕ್ಷಿಣಕ್ಕೆ ಮುಖಮಾಡಿದ ಸಣ್ಣ ಬಾಗಿಲಿಗೆ ಹೆಚ್ಚು ಒಲವು ಕಂಡಿತು.

ಇದರ ಹಿಂದಿನ ಲೆಕ್ಕ ಸರಳ. ಪೊಟರೆ ತೀರ ಚಿಕ್ಕದಾದರೆ ಚಳಿಗಾಲಕ್ಕೆ ಸಾಲುವಷ್ಟು ತುಪ್ಪಕ್ಕೆ ಜಾಗವಿರುವುದಿಲ್ಲ. ತೀರ ದೊಡ್ಡದಾದರೆ ಬಿಸಿ ಹರಡಿಹೋಗುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಬಾಗಿಲು ಕೆಳಗಿದ್ದಾಗ ಅದು ಚಾವಣಿಯಡಿ ಉಳಿಯುತ್ತದೆ. ದಕ್ಷಿಣದ ಬಾಗಿಲಿಗೆ ಚಳಿಗಾಲದ ಓರೆಬಿಸಿಲು ತಾಗುತ್ತದೆ. ಉತ್ತರ ಗೋಳದಲ್ಲಿ ಸೂರ್ಯ ಆಗ ದಕ್ಷಿಣಕ್ಕೆ ವಾಲಿರುತ್ತಾನೆ.

ಆಯ್ಕೆ ಸರಿಯಿದ್ದರೂ ಮೊದಲ ವರ್ಷ ಗೆಲ್ಲುವುದು ಕಷ್ಟ. ಇಥಾಕಾ ಸುತ್ತಲಿನ ಕಾಡುಜೇನುಗಳಲ್ಲಿ ಹೊಸದಾಗಿ ನೆಲೆಯೂರಿದ ನಾಲ್ಕು ಕುಟುಂಬಗಳಲ್ಲಿ ಒಂದು ಮಾತ್ರ ಮೊದಲ ಚಳಿಗಾಲ ದಾಟುತ್ತದೆ ಎಂದು ಸೀಲಿ ಕಂಡುಕೊಂಡರು. ಒಮ್ಮೆ ದಾಟಿದ ಕುಟುಂಬಗಳಲ್ಲಿ ಮುಂದಿನ ಚಳಿಗಾಲಗಳನ್ನು ದಾಟುವವು ಐದರಲ್ಲಿ ಸುಮಾರು ನಾಲ್ಕು. ಹಳೆಯ ಕುಟುಂಬಕ್ಕೆ ಕಟ್ಟಿದ ಎರಿಗಳು ಸಿದ್ಧವಾಗಿರುತ್ತವೆ. ಹೊಸದು ಬರಿಯ ಪೊಟರೆಯಲ್ಲಿ ಮೇಣ ಸುರಿಸಿ ಎರಿ ಕಟ್ಟಬೇಕು, ಮರಿ ಸಾಕಬೇಕು, ಜೊತೆಗೆ ಉಗ್ರಾಣವನ್ನೂ ತುಂಬಬೇಕು. ಇಷ್ಟಕ್ಕೂ ಅದಕ್ಕೆ ಸಿಗುವುದು ಒಂದೇ ಬೇಸಿಗೆ.

ಉರುವಲಿನ ದಾಸ್ತಾನು

ಮಧ್ಯ ಯುರೋಪಿನಲ್ಲಿ ಒಂದು ಕುಟುಂಬ ಚಳಿಗಾಲ ಕಳೆಯಲು 15ರಿಂದ 20 ಕಿಲೊ ಜೇನುತುಪ್ಪ ಬೇಕು. ಕೆನಡಾ ಮತ್ತು ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲ ಇನ್ನೂ ಉದ್ದ. ಅಲ್ಲಿನ ಜೇನು ಸಾಕುವವರು ಪೆಟ್ಟಿಗೆಯಲ್ಲಿ 30 ಕಿಲೊಗೂ ಹೆಚ್ಚು ಉಳಿಸುತ್ತಾರೆ. ಒಂದು ಕಿಲೊ ಜೇನುತುಪ್ಪದಲ್ಲಿ ಸುಮಾರು 3,000 ಕಿಲೊಕ್ಯಾಲೊರಿ ಶಕ್ತಿಯಿದೆ. ಆ ಲೆಕ್ಕದಲ್ಲಿ 20 ಕಿಲೊ ತುಪ್ಪವೆಂದರೆ ಸುಮಾರು 70 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಐದು ತಿಂಗಳಿಗೆ ಹಂಚಿದರೆ ಗಂಟೆ ಗಂಟೆಗೂ ಸರಾಸರಿ 20 ವ್ಯಾಟ್ ಆಗುತ್ತದೆ. ಒಂದು ಸಣ್ಣ ಟ್ಯೂಬ್‌ಲೈಟ್ ಉರಿಸುವಷ್ಟು ಶಕ್ತಿಯಲ್ಲಿ ಇಡೀ ಕುಟುಂಬ ಹಿಮಗಾಲ ದಾಟಬೇಕು.

ತುಪ್ಪ ಎಲ್ಲಿದೆ ಎಂಬುದೂ ಎಷ್ಟಿದೆ ಎಂಬುದರಷ್ಟೇ ಮುಖ್ಯ. ನೊಣಗಳು ಎರಿಯ ಮೇಲ್ಭಾಗದಲ್ಲೂ ಅಂಚುಗಳಲ್ಲೂ ತುಪ್ಪ ತುಂಬಿ ಮೇಣದ ಮುಚ್ಚಳ ಹಾಕುತ್ತವೆ. ಕೆಳಗೆ, ಬೇಸಿಗೆಯಲ್ಲಿ ಮರಿಗಳಿದ್ದ ಜಾಗದಲ್ಲಿ, ಕಣಗಳು ಖಾಲಿಯಾಗಿರುತ್ತವೆ. ಚಳಿಗಾಲದ ಆರಂಭದಲ್ಲಿ ಗುಂಪು ಈ ಖಾಲಿ ಕಣಗಳ ಮೇಲೆ, ತುಪ್ಪಕ್ಕೆ ತಲೆ ತಾಗುವಂತೆ ಕೂತು, ಮೇಲಿನ ದಾಸ್ತಾನು ಕರಗಿದಂತೆ ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ. ಏರಿಬರುವ ಬಿಸಿ ಮೇಲಿನ ತುಪ್ಪವನ್ನು ತಿನ್ನಲು ಬರುವಷ್ಟು ಸಡಿಲವಾಗಿ ಇಡುತ್ತದೆ.

ತುಪ್ಪದ ಗುಣವೂ ಲೆಕ್ಕಕ್ಕೆ ಬರುತ್ತದೆ. ಯುರೋಪಿನ ರೇಪ್ ಎಂಬ ಎಣ್ಣೆಸಾಸಿವೆಯ ಹೂವಿನ ತುಪ್ಪ ಬೇಗ ಹರಳುಗಟ್ಟಿ ಕಲ್ಲಾಗುತ್ತದೆ. ಅದನ್ನು ತಿನ್ನಲು ನೊಣಕ್ಕೆ ನೀರು ಬೇಕು, ಹೊರಗೆ ನೀರೆಲ್ಲ ಹೆಪ್ಪುಗಟ್ಟಿರುತ್ತದೆ. ಸ್ಪ್ರೂಸ್, ಫರ್ ಮರಗಳ ಮೇಲೆ ಸಸ್ಯಹೇನುಗಳು ಒಸರುವ ಸಿಹಿರಸದಿಂದಾದ ತುಪ್ಪದಲ್ಲಿ ಜೀರ್ಣವಾಗದ ಪದಾರ್ಥ ಜಾಸ್ತಿ. ಅದನ್ನು ತಿಂದ ನೊಣಗಳ ಹೊಟ್ಟೆ ಕೆಡುತ್ತದೆ. ಇಂಥ ತುಪ್ಪವೇ ತುಂಬಿದ್ದರೆ ಜರ್ಮನಿ, ಆಸ್ಟ್ರಿಯಾಗಳ ಜೇನು ಸಾಕುವವರು ಅದನ್ನು ತೆಗೆದು, ಬದಲಿಗೆ ಸಕ್ಕರೆ ಪಾಕ ಕೊಡುತ್ತಾರೆ.

ಚಳಿಗಾಲಕ್ಕೆಂದೇ ಹುಟ್ಟುವ ನೊಣಗಳು

ಬೇಸಿಗೆಯಲ್ಲಿ ಹುಟ್ಟಿದ ಕೆಲಸಗಾರ ನೊಣದ ಆಯುಸ್ಸು ನಾಲ್ಕರಿಂದ ಆರು ವಾರ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಹುಟ್ಟುವ ನೊಣಗಳು ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತವೆ. ಎರಡೂ ಅದೇ ರಾಣಿ ಇಟ್ಟ ಮೊಟ್ಟೆಯಿಂದ ಬಂದವು, ನೋಡಲೂ ಒಂದೇ ತರಹ. ವ್ಯತ್ಯಾಸ ಮೈಯೊಳಗಿದೆ. ಚಳಿಗಾಲದ ನೊಣದ ಉದರದಲ್ಲಿ ಕೊಬ್ಬಿನ ಅಂಗಾಂಶ ದಟ್ಟವಾಗಿರುತ್ತದೆ. ವಿಟೆಲೋಜೆನಿನ್ ಎಂಬ ಪ್ರೋಟೀನು ಅಲ್ಲಿ ಮತ್ತು ರಕ್ತದಲ್ಲಿ ಶೇಖರವಾಗಿರುತ್ತದೆ. ನೊಣವನ್ನು ಬೇಗ ಮುದಿಯಾಗಿಸುವ ಹಾರ್ಮೋನಿನ ಮಟ್ಟ ಕಡಿಮೆ ಇರುತ್ತದೆ. ಈ ಪ್ರೋಟೀನು ರೋಗನಿರೋಧಕ ಶಕ್ತಿ ಉಳಿಸುತ್ತದೆ. ವಸಂತದಲ್ಲಿ ಮರಿಗಳಿಗೆ ಉಣಿಸುವ ಹಾಲಿನಂಥ ರಸಕ್ಕೂ ಇದೇ ಬಂಡವಾಳ.

ಈ ಶರೀರ ಬೆಳೆಯಲು ಪರಾಗ ಬೇಕು. ಬೇಸಿಗೆಯ ಕೊನೆಯಲ್ಲಿ ಹೂಗಳು ಬತ್ತಿ ಪರಾಗ ಕಡಿಮೆಯಾದ ವರ್ಷ ದಾಸ್ತಾನು ತುಂಬಿದ್ದರೂ ಕುಟುಂಬ ಬಡಕಲಾಗಿರುತ್ತದೆ. ಶರತ್ಕಾಲದಲ್ಲಿ ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡಿದಂತೆ ಸಾಕಬೇಕಾದ ಮರಿಗಳೂ ಕಡಿಮೆಯಾಗುತ್ತವೆ. ಆಗ ಹುಟ್ಟಿದ ನೊಣಗಳು ತಿಂದ ಪರಾಗದ ಸಾರವನ್ನು ಮರಿಗಳಿಗೆ ಉಣಿಸಿ ಮುಗಿಸುವ ಬದಲು ಮೈಯಲ್ಲೇ ಉಳಿಸಿಕೊಳ್ಳುತ್ತವೆ.

ಬಾಗಿಲು ಬಿಗಿ, ಬಾಯಿ ಕಡಿಮೆ

ಹೂವು ಮುಗಿಯುವ ಹೊತ್ತಿಗೆ ಗೂಡಿನಲ್ಲಿ ಖರ್ಚು ಕಡಿತ ಶುರುವಾಗುತ್ತದೆ. ಗಂಡುಜೇನುಗಳು ತುಪ್ಪ ತಿನ್ನುತ್ತವೆ, ದುಡಿಯುವುದಿಲ್ಲ. ರಾಣಿಯೊಡನೆ ಕೂಡುವ ಕಾಲ ಮುಗಿದ ಮೇಲೆ ಅವುಗಳಿಂದ ಉಪಯೋಗವೂ ಇಲ್ಲ. ಕೆಲಸಗಾರ ನೊಣಗಳು ಮೊದಲು ಅವಕ್ಕೆ ಉಣಿಸುವುದನ್ನು ನಿಲ್ಲಿಸುತ್ತವೆ. ಆಮೇಲೆ ರೆಕ್ಕೆ, ಕಾಲು ಕಚ್ಚಿ ಬಾಗಿಲಿಗೆ ಎಳೆದು ಹೊರಹಾಕುತ್ತವೆ. ಹೊರಬಿದ್ದ ಗಂಡು ಒಂದೆರಡು ರಾತ್ರಿಯಲ್ಲಿ ಚಳಿ, ಹಸಿವಿಗೆ ಸಾಯುತ್ತದೆ.

ಇದೇ ಸಮಯದಲ್ಲಿ ಪಾಪ್ಲರ್‌ನಂಥ ಮರಗಳ ಮೊಗ್ಗಿನಿಂದ ತಂದ ರಾಳಕ್ಕೆ ಮೇಣ ಬೆರೆಸಿದ ಅಂಟನ್ನು ನೊಣಗಳು ಬಿರುಕುಗಳಿಗೆ ಮೆತ್ತುತ್ತವೆ. ಪೊಟರೆಯ ಒಳಗೋಡೆಗೂ ಅದನ್ನೇ ಸವರುತ್ತವೆ. ಬಾಗಿಲು ದೊಡ್ಡದೆನಿಸಿದರೆ ಅದನ್ನೂ ಕಿರಿದು ಮಾಡುತ್ತವೆ. ಗಾಳಿ ನುಗ್ಗುವುದು ನಿಲ್ಲುತ್ತದೆ, ರಾಳದ ಗುಣದಿಂದ ಬೂಷ್ಟು ಮತ್ತು ಸೂಕ್ಷ್ಮಾಣುಗಳ ಕಾಟವೂ ತಗ್ಗುತ್ತದೆ. ಶರತ್ಕಾಲದಲ್ಲಿ ಜೇನುಪೆಟ್ಟಿಗೆಯ ಮುಚ್ಚಳ ತೆಗೆಯಲು ಉಳಿಯಂಥ ಸಲಕರಣೆ ಬೇಕಾಗುವುದು ಈ ಅಂಟಿನಿಂದಲೇ.

ಗೊಂಚಲಿನ ರಚನೆ

ಒಂಟಿ ಜೇನುನೊಣದ ಮೈ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಅದು ಮರಗಟ್ಟಿ ಬಿದ್ದುಬಿಡುತ್ತದೆ. ಸುತ್ತಲಿನ ಗಾಳಿ ಆ ಮಟ್ಟ ಮುಟ್ಟುವ ಮೊದಲೇ ನೊಣಗಳು ಒಟ್ಟುಗೂಡುತ್ತವೆ. ಅಮೆರಿಕದ ಕೃಷಿ ಇಲಾಖೆಯ ಇ. ಎಫ್. ಫಿಲಿಪ್ಸ್ ಮತ್ತು ಜಾರ್ಜ್ ಡೆಮುತ್ ಪೆಟ್ಟಿಗೆಯೊಳಗೆ ವಿದ್ಯುತ್ ತಾಪಮಾಪಕಗಳನ್ನು ಅಳವಡಿಸಿ ಚಳಿಗಾಲ ಪೂರ್ತಿ ಅಳೆದು 1914ರಲ್ಲಿ ವರದಿ ಕೊಟ್ಟರು. ಗೂಡಿನೊಳಗಿನ ಗಾಳಿ 57 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 14 ಡಿಗ್ರಿ ಸೆಲ್ಸಿಯಸ್ ಆದಾಗ ಗೊಂಚಲು ಕಟ್ಟುವುದು ಆರಂಭವಾಗುತ್ತದೆ ಎಂದು ಅವರು ಗುರುತಿಸಿದರು. ಜೇನುಕೃಷಿಯ ಪುಸ್ತಕಗಳಲ್ಲಿ ಆ ಅಂಕಿ ಇಂದಿಗೂ ಬಳಕೆಯಲ್ಲಿದೆ.

ಗೊಂಚಲು ಹಲವು ಎರಿಗಳನ್ನು ಒಳಗೊಂಡು ಸುಮಾರು ಗುಂಡಗಿನ ಆಕಾರ ತಾಳುತ್ತದೆ. ಎರಿಗಳ ನಡುವಿನ ಸಂದುಗಳಲ್ಲಿ ನೊಣಗಳು ಒತ್ತೊತ್ತಾಗಿ ನಿಲ್ಲುತ್ತವೆ. ಖಾಲಿ ಕಣಗಳೊಳಗೂ ಒಂದೊಂದು ನೊಣ ತಲೆ ಮುಂದಾಗಿ ತೂರಿಕೊಳ್ಳುತ್ತದೆ. ಹೀಗಾಗಿ ನಡುವೆ ಮೇಣದ ಗೋಡೆಗಳಿದ್ದರೂ ಇಡೀ ಗುಂಪು ಹೆಚ್ಚುಕಡಿಮೆ ಒಂದೇ ಮುದ್ದೆ. ಹೊರಪದರದ ನೊಣಗಳು ತಲೆಯನ್ನು ಒಳಕ್ಕೆ, ಹೊಟ್ಟೆಯ ತುದಿಯನ್ನು ಹೊರಕ್ಕೆ ಮಾಡಿ ಇಟ್ಟಿಗೆ ಜೋಡಿಸಿದಂತೆ ನಿಲ್ಲುತ್ತವೆ. ಎದೆಯ ಮೇಲಿನ ರೋಮಗಳು ಒಂದಕ್ಕೊಂದು ಹೆಣೆದುಕೊಂಡು ಗಾಳಿಯನ್ನು ಹಿಡಿದಿಡುತ್ತವೆ. ಒಳಗಿನ ನೊಣಗಳು ಸಡಿಲವಾಗಿರುತ್ತವೆ. ಅಲ್ಲಿ ಓಡಾಟಕ್ಕೆ, ತುಪ್ಪ ಹಂಚಿಕೊಳ್ಳುವುದಕ್ಕೆ ಜಾಗವಿದೆ, ರಾಣಿ ಇರುವುದೂ ಅಲ್ಲೇ.

ಚಳಿ ಹೆಚ್ಚಿದಂತೆ ಗೊಂಚಲು ಕುಗ್ಗುತ್ತದೆ. ಗಾತ್ರ ಕುಗ್ಗಿದರೆ ಹೊರಮೈ ಕಡಿಮೆಯಾಗಿ ಬಿಸಿ ಸೋರುವುದೂ ಕಡಿಮೆಯಾಗುತ್ತದೆ. ಚಳಿ ಇಳಿದರೆ ಮತ್ತೆ ಹಿಗ್ಗುತ್ತದೆ. ಈ ಹೊಂದಾಣಿಕೆಗೆ ಹೆಚ್ಚುವರಿ ಉರುವಲು ಬೇಡ. ಗೊಂಚಲು ಇನ್ನು ಕುಗ್ಗಲಾರದಷ್ಟು ಬಿಗಿಯಾದ ಮೇಲೆ ಮಾತ್ರ ಬಿಸಿಯ ಉತ್ಪಾದನೆ ಏರಬೇಕಾಗುತ್ತದೆ. ಹೊರಪದರ 10 ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿದರೆ ಅಲ್ಲಿನ ನೊಣಗಳು ಹಿಡಿತ ತಪ್ಪಿ ಉದುರುತ್ತವೆ. ಮರಿಗಳಿಲ್ಲದ ತಿಂಗಳುಗಳಲ್ಲಿ ನಡುಭಾಗದ ಉಷ್ಣತೆ ಇಪ್ಪತ್ತರಿಂದ ಮೂವತ್ತು ಡಿಗ್ರಿಗಳ ನಡುವೆ ಏರಿಳಿಯುತ್ತದೆ. ಗೂಡಿನ ಉಳಿದ ಜಾಗವನ್ನು ನೊಣಗಳು ಬಿಸಿಮಾಡುವುದೇ ಇಲ್ಲ. ಗೊಂಚಲಿನಿಂದ ದೂರದ ಮೂಲೆಯ ಗಾಳಿ ತೆಳುಗೋಡೆಯ ಪೆಟ್ಟಿಗೆಗಳಲ್ಲಿ ಹೊರಗಿನಷ್ಟೇ ತಣ್ಣಗಿರಬಹುದು.

ಗೊಂಚಲು ದೊಡ್ಡದಿದ್ದಷ್ಟೂ ಒಂದೊಂದು ನೊಣದ ಪಾಲಿಗೆ ಬರುವ ಖರ್ಚು ಕಡಿಮೆ. ನೊಣಗಳು ತೀರ ಕಡಿಮೆ ಇರುವ ಕುಟುಂಬಕ್ಕೆ ಹೊರಪದರ ಕಟ್ಟುವಷ್ಟು ಬಲವೇ ಸಾಲುವುದಿಲ್ಲ. ಅದಕ್ಕಾಗಿ ಅನುಭವಿಗಳು ಶರತ್ಕಾಲದಲ್ಲೇ ಎರಡು ದುರ್ಬಲ ಕುಟುಂಬಗಳನ್ನು ಒಂದುಗೂಡಿಸಿಬಿಡುತ್ತಾರೆ.

ರೆಕ್ಕೆ ಆಡದೆ ಹುಟ್ಟುವ ಬಿಸಿ

ಜೇನುನೊಣದ ಎದೆಯ ಬಹುಭಾಗ ಹಾರಾಟದ ಸ್ನಾಯುಗಳೇ. ಒಂದು ಜೋಡಿ ಮೇಲಿಂದ ಕೆಳಕ್ಕೆ, ಇನ್ನೊಂದು ಜೋಡಿ ಮುಂದಿನಿಂದ ಹಿಂದಕ್ಕೆ ಹಾದುಹೋಗಿವೆ. ಹಾರುವಾಗ ಇವು ಸರದಿಯಲ್ಲಿ ಬಿಗಿಯುತ್ತವೆ, ರೆಕ್ಕೆ ಮೇಲೆ ಕೆಳಗೆ ಬಡಿಯುತ್ತದೆ. ಬಿಸಿ ಬೇಕಾದಾಗ ಎರಡೂ ಜೋಡಿ ಒಟ್ಟಿಗೆ ಬಿಗಿದು ಒಂದಕ್ಕೊಂದು ಎದುರಾಗಿ ಜಗ್ಗುತ್ತವೆ. ರೆಕ್ಕೆ ಅಲುಗುವುದಿಲ್ಲ, ಆದರೆ ಉರಿದ ಸಕ್ಕರೆಯ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಬರಿಗಣ್ಣಿಗೆ ಅದು ಸುಮ್ಮನೆ ಕೂತ ನೊಣ. ಉಷ್ಣಚಿತ್ರ ತೆಗೆಯುವ ಕ್ಯಾಮರಾದಲ್ಲಿ ಅದರ ಎದೆ ಮಾತ್ರ ಕೆಂಡದ ಚುಕ್ಕೆಯಂತೆ ಬೆಳಗುತ್ತದೆ, ಹೊಟ್ಟೆ ಮಂಕಾಗಿರುತ್ತದೆ. ಎದೆಗೂ ಉದರಕ್ಕೂ ನಡುವಿನ ಕಿರಿದಾದ ಸೊಂಟದಲ್ಲಿ ರಕ್ತನಾಳ ಸುರುಳಿ ಸುತ್ತಿದೆ. ಎದೆಯಿಂದ ಹಿಂದಕ್ಕೆ ಹೋಗುವ ಬಿಸಿರಕ್ತ ಅಲ್ಲಿಯೇ, ಹೊಟ್ಟೆಯಿಂದ ಬರುವ ತಣ್ಣನೆಯ ರಕ್ತಕ್ಕೆ ಬಿಸಿಯನ್ನು ದಾಟಿಸುತ್ತದೆ. ಹೀಗೆ ಬಿಸಿ ಎದೆಯಲ್ಲೇ ಉಳಿಯುತ್ತದೆ.

ಗೊಂಚಲಿನಲ್ಲಿ ಯಾವ ನೊಣಗಳು ಬಿಸಿ ಹುಟ್ಟಿಸುತ್ತವೆ ಎಂಬ ಪ್ರಶ್ನೆಗೆ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಆಂಟನ್ ಸ್ಟಾಬೆನ್‌ಥೈನರ್ ತಂಡ 2003ರಲ್ಲಿ ಉಷ್ಣಚಿತ್ರಗಳ ಮೂಲಕ ಉತ್ತರ ಕೊಟ್ಟಿತು. ಚಳಿ ತಾಗುವ ಹೊರಗಿನವೇ ಹೆಚ್ಚು ನಡುಗಬೇಕು ಎಂದು ತೋರುವುದು ಸಹಜ. ಚಿತ್ರಗಳಲ್ಲಿ ಕಂಡದ್ದು ಬೇರೆ. ಎದೆ ಕಾಯಿಸಿಕೊಂಡ ನೊಣಗಳು ಹೆಚ್ಚಾಗಿ ನಡುಭಾಗದಲ್ಲಿದ್ದವು. ಹೊರಪದರದಲ್ಲಿದ್ದವುಗಳಲ್ಲಿ ಬಹುಪಾಲು ಬಿಸಿ ಹುಟ್ಟಿಸದೆ, ಒಳಗಿನಿಂದ ಹರಿದುಬರುವ ಬಿಸಿಯಲ್ಲೇ ಬದುಕುತ್ತಿದ್ದವು.

ಹೊರಪದರದ ಬಗ್ಗೆ ಹೊಸ ಚರ್ಚೆ

ಹೊರಪದರ ಕಂಬಳಿಯ ಕೆಲಸ ಮಾಡುತ್ತದೆ ಎಂಬುದು ನೂರು ವರ್ಷಗಳಿಂದ ನಡೆದುಬಂದ ವಿವರಣೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಡೆರೆಕ್ ಮಿಚೆಲ್ 2023ರ ಪ್ರಬಂಧದಲ್ಲಿ ಇದನ್ನು ಪ್ರಶ್ನಿಸಿದರು. ನೊಣಗಳು ಒತ್ತೊತ್ತಾಗಿ ನಿಂತಾಗ ಅವುಗಳ ನಡುವಿನ ಗಾಳಿ ಕಡಿಮೆಯಾಗುತ್ತದೆ, ಮೈಯಿಂದ ಮೈಗೆ ಬಿಸಿ ಇನ್ನೂ ಸುಲಭವಾಗಿ ಹರಿಯುತ್ತದೆ ಎಂಬುದು ಅವರ ವಾದ. ಅವರ ಪ್ರಕಾರ ಗೊಂಚಲು ನೊಣಗಳಿಗೆ ಆರಾಮದ ಸ್ಥಿತಿಯೇನೂ ಅಲ್ಲ, ಚಳಿಯ ಒತ್ತಡದಲ್ಲಿ ಅನಿವಾರ್ಯವಾಗಿ ಕೈಗೊಂಡ ಕ್ರಮ. ದಪ್ಪಗೋಡೆಯ ಪೊಟರೆಯಲ್ಲಿ ಬಿಗಿಯಾದ ಗೊಂಚಲು ಕಟ್ಟುವ ಪ್ರಮೇಯ ಬಹಳ ಕಡಿಮೆ.

ಮಿಚೆಲ್ 2016ರಲ್ಲೇ ಇದಕ್ಕೆ ಪೂರ್ವಭಾವಿಯಾದ ಅಳತೆ ಪ್ರಕಟಿಸಿದ್ದರು. ಸಾಮಾನ್ಯ ಮರದ ಪೆಟ್ಟಿಗೆಗಳಿಂದ ಬಿಸಿ ಸೋರುವ ಪ್ರಮಾಣ ಮರದ ಪೊಟರೆಗಿಂತ ನಾಲ್ಕರಿಂದ ಏಳು ಪಟ್ಟು ಹೆಚ್ಚು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ, ಚೌಕಟ್ಟುಗಳನ್ನು ಎತ್ತಿ ತೆಗೆಯಬಹುದಾದ ಪೆಟ್ಟಿಗೆ ಇಂದು ಜಗತ್ತಿನ ತುಂಬ ಬಳಕೆಯಲ್ಲಿದೆ. ಅದರ ಹಲಗೆಯ ದಪ್ಪ ಬರೀ ಎರಡು ಸೆಂಟಿಮೀಟರ್‌ನಷ್ಟು. ಸಾಕುವವನ ಅನುಕೂಲಕ್ಕೆ ಆದ ಈ ಬದಲಾವಣೆಯ ಬೆಲೆಯನ್ನು ನೊಣಗಳು ತುಪ್ಪದ ರೂಪದಲ್ಲಿ ತೆರುತ್ತವೆ. ಮಿಚೆಲ್ ಅವರ ತೀರ್ಮಾನವನ್ನು ಎಲ್ಲ ತಜ್ಞರೂ ಒಪ್ಪಿಲ್ಲ. ಆದರೆ ಪೆಟ್ಟಿಗೆಗೆ, ವಿಶೇಷವಾಗಿ ಮುಚ್ಚಳಕ್ಕೆ, ಶಾಖನಿರೋಧಕ ಹೊದಿಕೆ ಬೇಕು ಎಂಬ ಮಾತಿಗೆ ಈಗ ಹೆಚ್ಚು ಬೆಂಬಲ ಸಿಗುತ್ತಿದೆ.

ತೇವ ಮತ್ತು ಹೊಟ್ಟೆಯ ಭಾರ

ಜೇನುತುಪ್ಪ ಉರಿದರೆ ನೀರು ಹುಟ್ಟುತ್ತದೆ. ತುಪ್ಪದಲ್ಲಿ ಮೊದಲೇ ಇರುವ ಶೇ 17–18ರಷ್ಟು ನೀರೂ ಸೇರಿ, ಒಂದು ಕಿಲೊ ತುಪ್ಪದಿಂದ ಸುಮಾರು ಮೂರನೇ ಎರಡು ಕಿಲೊ ನೀರು ಹೊರಬರುತ್ತದೆ. ಇಪ್ಪತ್ತು ಕಿಲೊ ತುಪ್ಪ ತಿಂದ ಕುಟುಂಬ ಚಳಿಗಾಲದಲ್ಲಿ 13 ಲೀಟರಿನಷ್ಟು ನೀರನ್ನು ಉಸಿರಿನ ಆವಿಯಾಗಿ ಬಿಡುತ್ತದೆ. ತಣ್ಣನೆಯ ಮುಚ್ಚಳದ ಒಳಮೈಗೆ ತಾಗಿದ ಆವಿ ಹನಿಗಟ್ಟಿ ಗೊಂಚಲಿನ ಮೇಲೆ ತೊಟ್ಟಿಕ್ಕಿದರೆ ನೊಣಗಳಿಗೆ ಅಪಾಯ. ಒಣಗಿದ ನೊಣ ತಡೆಯುವ ಚಳಿಯನ್ನು ಒದ್ದೆಯಾದ ನೊಣ ತಡೆಯದು. ಮುಚ್ಚಳ ಬೆಚ್ಚಗಿದ್ದರೆ ಆವಿ ಪಕ್ಕದ ಗೋಡೆಗಳಲ್ಲಿ ಹನಿಗಟ್ಟುತ್ತದೆ. ಅಲ್ಲಿಂದ ನೊಣಗಳು ನೀರು ಹೀರಿ ಗಟ್ಟಿ ತುಪ್ಪ ಕರಗಿಸಲು ಬಳಸುತ್ತವೆ.

ಮಲದ ವಿಷಯದಲ್ಲೂ ನೊಣಗಳದು ಕಟ್ಟುನಿಟ್ಟು. ಆರೋಗ್ಯವಂತ ನೊಣ ಗೂಡಿನೊಳಗೆ ಮಲ ಬಿಡುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಡೆದುಕೊಳ್ಳುತ್ತದೆ. ಅದರ ಹಿಂಗರುಳು ಚೀಲದಂತೆ ಹಿಗ್ಗಿ ಹೊಟ್ಟೆಯ ಬಹುಪಾಲು ಜಾಗ ಹಿಡಿಯುತ್ತದೆ. ಹೊರಗಿನ ಉಷ್ಣತೆ 10 ಡಿಗ್ರಿಯ ಹತ್ತಿರ ಬಂದು ಬಿಸಿಲು ಕಾಯ್ದ ಮಧ್ಯಾಹ್ನ ನೊಣಗಳು ಸಾಮೂಹಿಕವಾಗಿ ಹೊರಬಂದು ಹಾರುತ್ತಲೇ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತವೆ. ಅಂಥ ದಿನ ಗೂಡಿನ ಮುಂದಿನ ಬಿಳಿ ಹಿಮದ ಮೇಲೆ ಹಳದಿ–ಕಂದು ಚುಕ್ಕೆಗಳು ಬಿದ್ದಿರುತ್ತವೆ. ಸತ್ತ ನೊಣಗಳನ್ನು ಹೊರಗೆ ಸಾಗಿಸುವುದೂ ಆಗಲೇ. ಬಿಸಿಲೇ ಕಾಣದ ದೀರ್ಘ ಚಳಿಗಾಲದಲ್ಲಿ ಒಳಗೇ ಹೊಲಸಾಗಿ, ನೊಸೀಮಾ ಎಂಬ ಕರುಳಿನ ರೋಗ ಹರಡಲು ದಾರಿಯಾಗುತ್ತದೆ.

ಹಿಮದ ನಡುವೆ ಮರಿ

ಹಗಲು ಉದ್ದವಾಗತೊಡಗಿದ ಮೇಲೆ, ಜನವರಿ–ಫೆಬ್ರವರಿಯಲ್ಲಿ, ರಾಣಿ ಮತ್ತೆ ಮೊಟ್ಟೆಯಿಡುತ್ತದೆ. ಹೊರಗೆ ಇನ್ನೂ ಹಿಮವಿದೆ. ಮರಿಗಳಿಗೆ 34–35 ಡಿಗ್ರಿ ಬೇಕು, ಅದರಲ್ಲಿ ಹೆಚ್ಚು ಏರುಪೇರಾಗುವಂತಿಲ್ಲ. ಕೋಶಾವಸ್ಥೆಯಲ್ಲಿ ಒಂದೆರಡು ಡಿಗ್ರಿ ಕಡಿಮೆ ಬಿಸಿಯಲ್ಲಿ ಬೆಳೆದ ನೊಣಗಳು ಕಲಿಕೆ, ನೆನಪುಗಳಲ್ಲಿ ಹಿಂದುಳಿಯುತ್ತವೆ ಎಂದು ಜರ್ಮನಿಯ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಯೂರ್ಗನ್ ಟೌಟ್ಸ್ ತಂಡ ತೋರಿಸಿದೆ.

ಕಾವು ಕೊಡುವ ನೊಣಗಳ ಕೆಲಸವನ್ನೂ ಅದೇ ತಂಡ ಹತ್ತಿರದಿಂದ ದಾಖಲಿಸಿದೆ. ಒಂದು ನೊಣ ಮುಚ್ಚಿದ ಮರಿಕಣದ ಮೇಲೆ ಎದೆಯೊತ್ತಿ, ಮೀಸೆಗಳನ್ನು ಮುಚ್ಚಳಕ್ಕೆ ತಾಗಿಸಿ, ನಿಮಿಷಗಟ್ಟಲೆ ಅಲುಗದೆ ನಿಲ್ಲುತ್ತದೆ. ಅದರ ಎದೆ 40 ಡಿಗ್ರಿಗೂ ಮೇಲೇರುತ್ತದೆ. ಇನ್ನೊಂದು ನೊಣ ಮರಿಕಣಗಳ ನಡುವೆ ಅಲ್ಲಲ್ಲಿ ಬಿಟ್ಟ ಖಾಲಿ ಕಣದೊಳಗೆ ತಲೆ ಮುಂದಾಗಿ ಹೊಕ್ಕು ಎದೆ ಕಾಯಿಸುತ್ತದೆ. ಒಂದು ಕಣಕ್ಕೆ ಆರು ಪಕ್ಕ ಇರುವುದರಿಂದ ಸುತ್ತಲಿನ ಆರು ಮರಿಗಳಿಗೂ ಒಮ್ಮೆಗೇ ಕಾವು ಸಿಗುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಕಣದಲ್ಲಿ ಮಲಗಿದಂತೆ ಕಾಣುವುದರಿಂದ, ಅಲ್ಲಿ ಏನಾಗುತ್ತಿದೆ ಎಂಬುದು ಉಷ್ಣಚಿತ್ರ ಬರುವವರೆಗೂ ತಿಳಿದಿರಲಿಲ್ಲ.

ಚಳಿಗಾಲದ ಅತಿ ದುಬಾರಿ ಕೆಲಸ ಇದು. ಡಿಸೆಂಬರಿನಲ್ಲಿ ಮಿತವಾಗಿ ಕರಗುತ್ತಿದ್ದ ತುಪ್ಪ ಫೆಬ್ರವರಿ ಕೊನೆಯಿಂದ ವೇಗವಾಗಿ ಇಳಿಯುತ್ತದೆ. ಅಷ್ಟು ಖರ್ಚು ಮಾಡಿಯೂ ಮರಿ ಸಾಕುವುದಕ್ಕೆ ಕಾರಣವಿದೆ. ಮುದಿಯಾದ ಚಳಿಗಾಲದ ನೊಣಗಳು ಏಪ್ರಿಲ್ ವೇಳೆಗೆ ಸಾಯುತ್ತವೆ. ವಿಲೋ ಮತ್ತು ಹಣ್ಣಿನ ಮರಗಳು ಹೂಬಿಡುವಾಗ ದುಡಿಯಲು ಹೊಸ ತಲೆಮಾರು ಸಿದ್ಧವಿರಬೇಕು.

ಸಾವು ಬರುವ ದಾರಿಗಳು

ಚಳಿಗಾಲದಲ್ಲಿ ಸತ್ತ ಕುಟುಂಬದ ಪೆಟ್ಟಿಗೆ ತೆರೆದರೆ ಹಲವು ಬಾರಿ ಒಂದೇ ನೋಟ. ನೊಣಗಳು ತಲೆಯನ್ನು ಖಾಲಿ ಕಣಗಳ ತಳಕ್ಕೆ ತೂರಿಸಿಕೊಂಡು ಸಾಲುಸಾಲಾಗಿ ಸತ್ತಿರುತ್ತವೆ, ಹೊಟ್ಟೆಯ ತುದಿ ಮಾತ್ರ ಹೊರಗೆ ಕಾಣುತ್ತದೆ. ಕೈಯಗಲ ಆಚೆಯ ಎರಿಯಲ್ಲಿ ತುಪ್ಪ ತುಂಬಿರುತ್ತದೆ. ತೀವ್ರ ಚಳಿಯ ದಿನಗಳಲ್ಲಿ ಗೊಂಚಲು ಮೇಲಕ್ಕೆ ಸರಿಯಬಲ್ಲದು, ಪಕ್ಕದ ಎರಿಗೆ ದಾಟುವುದು ಕಷ್ಟ. ಮರಿಗಳಿದ್ದರೆ ಅವುಗಳನ್ನು ಬಿಟ್ಟು ಕದಲುವುದೇ ಇಲ್ಲ. ಉಗ್ರಾಣದ ಬಾಗಿಲಲ್ಲೇ ಹಸಿವಿನ ಸಾವು.

ಕಳೆದ ಕೆಲವು ದಶಕಗಳಲ್ಲಿ ಇದಕ್ಕಿಂತ ದೊಡ್ಡ ಕಾರಣ ವರೋವಾ ಎಂಬ ನುಸಿ. ಇದು ಮೂಲತಃ ಏಷ್ಯಾದ ಜೇನು ಏಪಿಸ್ ಸೆರಾನಾದ ಪರಾವಲಂಬಿ. ಜರ್ಮನಿಯಲ್ಲಿ 1977ರಲ್ಲಿ, ಅಮೆರಿಕದಲ್ಲಿ 1987ರಲ್ಲಿ, ಬ್ರಿಟನ್ನಿನಲ್ಲಿ 1992ರಲ್ಲಿ ಪತ್ತೆಯಾಯಿತು. ಬೆಳೆದ ನೊಣಗಳ ಮೈಮೇಲೆ ಇದು ಮುಖ್ಯವಾಗಿ ಕೊಬ್ಬಿನ ಅಂಗಾಂಶವನ್ನೇ ಹೀರುತ್ತದೆ ಎಂದು ಸ್ಯಾಮ್ಯುಯೆಲ್ ರ‍್ಯಾಮ್ಸಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು. ಚಳಿಗಾಲದ ನೊಣದ ಬಂಡವಾಳವೇ ಆ ಅಂಗಾಂಶ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನುಸಿ ಹತ್ತಿದ ಮರಿಗಳು ನೊಣಗಳಾಗಿ ಹೊರಬಂದರೂ ಜನವರಿ ಮುಟ್ಟುವುದಿಲ್ಲ. ಗೊಂಚಲು ತೆಳುವಾಗಿ, ಕೊನೆಗೆ ಹಿಡಿಯಷ್ಟು ನೊಣಗಳು ಚಳಿಗೆ ಬಲಿಯಾಗುತ್ತವೆ. ಕೊಂದದ್ದು ಚಳಿ ಎಂದು ತೋರಿದರೂ ಪೆಟ್ಟು ಬಿದ್ದದ್ದು ಬೇಸಿಗೆಯಲ್ಲಿ.

ಜೇನು ಸಾಕುವವರ ನೆರವು

ಹಿಂದೆ ಯುರೋಪಿನಲ್ಲಿ ಹುಲ್ಲಿನ ಬುಟ್ಟಿಗಳಲ್ಲಿ ಜೇನು ಸಾಕುತ್ತಿದ್ದವರು ಶರತ್ಕಾಲದಲ್ಲಿ ಹಲವು ಕುಟುಂಬಗಳನ್ನು ಗಂಧಕದ ಹೊಗೆಯಿಂದ ಕೊಂದು ತುಪ್ಪ ತೆಗೆಯುತ್ತಿದ್ದರು. ಕೆನಡಾದ ಬಯಲು ಪ್ರಾಂತ್ಯಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಇದೇ ರೂಢಿಯಿತ್ತು. ಚಳಿಗಾಲ ದಾಟಿಸುವ ಬದಲು ಪ್ರತಿ ವಸಂತದಲ್ಲಿ ಅಮೆರಿಕದಿಂದ ನೊಣಗಳನ್ನು ತರಿಸುತ್ತಿದ್ದರು. ನುಸಿಗಳ ಭಯದಿಂದ 1987ರಲ್ಲಿ ಕೆನಡಾ ಆ ಆಮದನ್ನು ನಿಲ್ಲಿಸಿದ ಮೇಲೆ ಅಲ್ಲಿನವರು ಚಳಿಗಾಲದ ಪಾಲನೆಯನ್ನು ಗಂಭೀರವಾಗಿ ಕಲಿಯಬೇಕಾಯಿತು.

ಈಗ ಅಲ್ಲಿ ಎರಡು ಪದ್ಧತಿಗಳಿವೆ. ಒಂದು, ಪೆಟ್ಟಿಗೆಗಳನ್ನು ಹೊರಗೇ ಬಿಟ್ಟು ಎರಡು–ನಾಲ್ಕನ್ನು ಒತ್ತಾಗಿಟ್ಟು ಹೊದಿಕೆ ಸುತ್ತುವುದು. ಇನ್ನೊಂದು, ಕತ್ತಲ ಉಗ್ರಾಣದಲ್ಲಿ ಗಾಳಿಯಾಡುವಂತೆ ಜೋಡಿಸಿ ಉಷ್ಣತೆಯನ್ನು 4–5 ಡಿಗ್ರಿಯಲ್ಲಿ ಕಾಯುವುದು. ಗೊಂಚಲಿನ ತುಪ್ಪದ ಖರ್ಚು ಅತಿ ಕಡಿಮೆ ಇರುವುದು ಆ ಮಟ್ಟದಲ್ಲೇ. ಅದಕ್ಕಿಂತ ಬೆಚ್ಚಗಾದರೆ ನೊಣಗಳು ಚಡಪಡಿಸಿ ಹೊರಬರುತ್ತವೆ, ತಣ್ಣಗಾದರೆ ಹೆಚ್ಚು ಉರಿಸಬೇಕಾಗುತ್ತದೆ. ರಷ್ಯಾದಲ್ಲಿ ಓಮ್‌ಶಾನಿಕ್ ಎನ್ನುವ, ಅರ್ಧ ನೆಲದೊಳಗೆ ಹುದುಗಿದ ಕೊಠಡಿಗಳು ಇದೇ ಕೆಲಸಕ್ಕೆ ಹಿಂದಿನಿಂದ ಇವೆ. ಪೋಲೆಂಡ್ ಮತ್ತು ಬೆಲಾರುಸ್‌ಗಳಲ್ಲಿ ಎತ್ತರದ ಮರಗಳ ಕಾಂಡ ಕೊರೆದು ಜೇನು ಸಾಕುವ ಪರಂಪರೆಯೂ ಉಳಿದಿದೆ. ಯುನೆಸ್ಕೊ 2020ರಲ್ಲಿ ಅದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಳಿದ ಕ್ರಮಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಬೇಸಿಗೆಯ ಕೊನೆಗೆ ನುಸಿಗೆ ಮದ್ದು ಹಾಕಬೇಕು. ತೂಕ ನೋಡಿ, ತುಪ್ಪ ಸಾಲದಿದ್ದರೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಗಟ್ಟಿ ಪಾಕವನ್ನು ಚಳಿ ಬೀಳುವ ಮೊದಲೇ ಕೊಡಬೇಕು. ತಡವಾದರೆ ನೊಣಗಳು ಅದನ್ನು ಮಾಗಿಸಿ ಮುಚ್ಚಳ ಹಾಕಲಾರವು. ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳಿಗೆ ಬಾಗಿಲಲ್ಲಿ ತಡೆ ಹಾಕಬೇಕು. ನಡು ಚಳಿಗಾಲದಲ್ಲಿ ಮರಿಗಳಿಲ್ಲದಾಗ ಆಕ್ಸಾಲಿಕ್ ಆಮ್ಲ ಬಳಸಿದರೆ ನೊಣಗಳ ಮೈಮೇಲಿನ ನುಸಿಗಳು ಸಾಯುತ್ತವೆ. ಆಮೇಲೆ ಪೆಟ್ಟಿಗೆ ತೆರೆಯದಿರುವುದೇ ಉಪಕಾರ. ದಾಸ್ತಾನು ತೀರುವ ಸೂಚನೆ ಇದ್ದರೆ ಗೊಂಚಲಿನ ನೆತ್ತಿಯ ಮೇಲೆ ಗಟ್ಟಿ ಸಕ್ಕರೆ ಮಿಠಾಯಿ ಇಡುತ್ತಾರೆ.

ಹಿಮಾಲಯದಿಂದ ಮಲೆನಾಡಿಗೆ

ಭಾರತದಲ್ಲಿ ಇಂಥ ಚಳಿಗಾಲ ಕಾಣುವುದು ಹಿಮಾಲಯದ ತಪ್ಪಲಿನ ಜೇನುಗಳು. ಕಾಶ್ಮೀರ, ಕುಲ್ಲು ಕಣಿವೆಗಳಲ್ಲಿ ಮನೆಯ ದಪ್ಪ ಗೋಡೆಯೊಳಗೇ ಗೂಡು ಬಿಟ್ಟು ಏಪಿಸ್ ಸೆರಾನಾವನ್ನು ಸಾಕುವ ರೂಢಿಯಿದೆ. ಮಣ್ಣುಕಲ್ಲಿನ ಗೋಡೆ ಪೊಟರೆಯ ಕೆಲಸ ಮಾಡುತ್ತದೆ. ಎತ್ತರದ ಬಂಡೆಗಳಲ್ಲಿ ಕಟ್ಟುವ ಹಿಮಾಲಯದ ಹೆಜ್ಜೇನು ಏಪಿಸ್ ಲೇಬೊರಿಯೋಸಾ ತೆರೆದ ಜಾಗದಲ್ಲಿ ಒಂದೇ ಎರಿ ಕಟ್ಟುವುದರಿಂದ ಚಳಿ ತಡೆಯಲಾರದು. ಅದು ಕೆಳಗಿನ ಕಣಿವೆಗಳಿಗೆ ಇಳಿದು, ಎರಿಯಿಲ್ಲದೆ ಗುಂಪಾಗಿ ತೂಗಿಕೊಂಡು ಚಳಿಗಾಲ ಕಳೆಯುತ್ತದೆ. ಮೆಲ್ಲಿಫೆರಾ ಜೇನು ಭಾರತದಲ್ಲಿ ನೆಲೆಯೂರಿದ್ದು 1962ರಲ್ಲಿ ಹಿಮಾಚಲದ ನಗ್ರೋಟಾ ಬಗವಾನ್‌ನಲ್ಲಿ. ಅಲ್ಲಿನ ಸಾಕಣೆಗಾರರು ಚಳಿಗಾಲದಲ್ಲಿ ಪೆಟ್ಟಿಗೆಗಳನ್ನು ಬಯಲುಸೀಮೆಯ ಸಾಸಿವೆ ಹೊಲಗಳಿಗೆ ಇಳಿಸುತ್ತಾರೆ. ಬಿಸಿ ಮಾಡುವ ಖರ್ಚು ಉಳಿಯುವುದರ ಜೊತೆಗೆ ಹೊಸ ತುಪ್ಪವೂ ಬರುತ್ತದೆ.

ಕರ್ನಾಟಕದ ತುಡುವೆ ಜೇನಿಗೆ ಚಳಿ ದೊಡ್ಡ ಕಂಟಕವೇನಲ್ಲ. ಡಿಸೆಂಬರಿನಿಂದಾಚೆ ಕೊಡಗು, ಮಲೆನಾಡುಗಳಲ್ಲಿ ಕಾಡು ಹೂಬಿಡತೊಡಗುತ್ತದೆ, ಕುಟುಂಬಗಳು ಬೆಳೆಯುತ್ತವೆ. ಇಲ್ಲಿನ ಕಷ್ಟಕಾಲ ಜೂನ್‌ನಿಂದ ಸೆಪ್ಟೆಂಬರ್. ಬಿಡದೆ ಸುರಿವ ಮಳೆಯಲ್ಲಿ ನೊಣ ಹೊರಹೋಗಲಾರದು, ಹೋದರೂ ಮಕರಂದ ತೊಳೆದುಹೋಗಿರುತ್ತದೆ. ಹೆಜ್ಜೇನು ಮಳೆಗೆ ಮುಂಚೆ ಎರಿ ಬಿಟ್ಟು ಬಯಲುಸೀಮೆಗೆ ವಲಸೆ ಹೋಗುತ್ತದೆ. ತುಡುವೆ ಪೊಟರೆಯಲ್ಲೋ ಪೆಟ್ಟಿಗೆಯಲ್ಲೋ ಉಳಿದು, ಕೂಡಿಟ್ಟದ್ದನ್ನು ತಿಂದು, ಮರಿ ಸಾಕುವುದನ್ನು ತಗ್ಗಿಸಿ ದಿನ ತಳ್ಳುತ್ತದೆ. ಮೇ ತಿಂಗಳಲ್ಲಿ ಕೊನೆಯ ಹನಿವರೆಗೂ ತುಪ್ಪ ತೆಗೆದ ಪೆಟ್ಟಿಗೆಗಳು ಆಗಸ್ಟ್‌ನಲ್ಲಿ ಖಾಲಿಯಾಗುತ್ತವೆ. ನೊಣಗಳು ಒಂದೋ ಸಾಯುತ್ತವೆ, ಇಲ್ಲವೇ ಗೂಡು ಬಿಟ್ಟು ಹಾರಿಹೋಗುತ್ತವೆ. ಆದ್ದರಿಂದ ಅನುಭವಿಗಳು ಮರಿ ಬೆಳೆಯುವ ಸಂಸಾರ ಕೋಣೆಯ ತುಪ್ಪಕ್ಕೆ ಕೈಹಾಕುವುದಿಲ್ಲ. ಮಳೆಗಾಲ ಪೂರ್ತಿ ಸಕ್ಕರೆ ಪಾಕ ಕೊಟ್ಟು, ಪೆಟ್ಟಿಗೆಯೊಳಗೆ ತೇವ ನಿಲ್ಲದಂತೆ, ಇರುವೆ ಹತ್ತದಂತೆ ನೋಡಿಕೊಳ್ಳುತ್ತಾರೆ. ಮಂಜಿನ ನಾಡಾಗಲಿ ಮಳೆಯ ನಾಡಾಗಲಿ, ಹೂವಿಲ್ಲದ ತಿಂಗಳುಗಳಿಗೆ ಬೇಕಾದ ತುಪ್ಪವನ್ನು ಗೂಡಿನಲ್ಲೇ ಬಿಟ್ಟವರ ಕುಟುಂಬಗಳು ಮುಂದಿನ ಹೂವಿನ ಕಾಲಕ್ಕೆ ಬಲವಾಗಿ ಉಳಿದಿರುತ್ತವೆ.